ಕ್ರಿಸ್‌ಮಸ್ ಕಾದಂಬರಿಯ ಕೌದಿ: ಒಂದು ಕಾಲಿಂಚಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಚಳಿಗಾಲ ಬಂತೆಂದರೆ ಒಂದು ಬಗೆಯ ಕಾದಂಬರಿಗಳು ಅಂಗಡಿಗೆ ಬರುತ್ತವೆ. ಚಿಕ್ಕ ಊರು, ಚರ್ಚಿನ ನೆಲಮಾಳಿಗೆ, ಕೌದಿ ಹೊಲಿಯುವ ಏಳೆಂಟು ಹೆಂಗಸರು. ಹಬ್ಬದೊಳಗೆ ಕೌದಿ ಮುಗಿಯಬೇಕು, ಅದರ ದುಡ್ಡು ಕಷ್ಟದಲ್ಲಿರುವ ಮನೆಗೆ ಸೇರಬೇಕು. ಕೊನೆ ಏನೆಂದು ಎರಡನೇ ಅಧ್ಯಾಯಕ್ಕೇ ಗೊತ್ತಾಗುತ್ತದೆ. ಅದನ್ನು ದೋಷವೆನ್ನಲಾಗದು, ಬೆಚ್ಚಗಿರಲೆಂದೇ ಓದುವ ಪುಸ್ತಕವದು. ಆದರೆ ಬರೆದವರು ಸೂಜಿ ಹಿಡಿದವರೋ ಅಲ್ಲವೋ ಎಂಬುದು ಹೊಲಿಯುವ ಓದುಗರ ಕಣ್ಣಿಗೆ ಬೀಳದೆ ಇರದು.

ಮೊದಲು ದಿನಗಳ ಲೆಕ್ಕ. ಹಾಸಿಗೆಯಳತೆಯ ಕೌದಿಗೆ ಪೂರ್ತಿ ಕೈಹೊಲಿಗೆ ಹಾಕಲು ತಿಂಗಳುಗಳೇ ಬೇಕು. ಇಬ್ಬರು ವಾರದಲ್ಲಿ ಮುಗಿಸಿದರೆಂದು ಬರೆದಿದ್ದರೆ ನಂಬಬೇಡಿ. ದಾನದ ಕೌದಿಗಳನ್ನು ಸಾಮಾನ್ಯವಾಗಿ ಉದ್ದಕ್ಕೂ ಹೊಲಿಯುವ ಬದಲು, ಎಲ್ಲ ಪದರಗಳ ಮೂಲಕ ಅಲ್ಲಲ್ಲಿ ದಾರ ಹಾಯಿಸಿ ಗಂಟು ಹಾಕಿ ಮುಗಿಸುತ್ತಾರೆ. ಲುಥೆರನ್ ವರ್ಲ್ಡ್ ರಿಲೀಫ್ ಸಂಸ್ಥೆಗೆ ಚರ್ಚಿನ ಗುಂಪುಗಳು ಹೊಲಿದು ಕಳಿಸುವ ಕೌದಿಯ ಅಳತೆ 60 × 80 ಇಂಚು. ಮೇಲ್ಪದರ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರ್, ಕೆಳಗೆ ಅಸ್ತರು. ಅಸ್ತರನ್ನು ನಾಲ್ಕೂ ಕಡೆ ಎರಡು ಮೂರು ಇಂಚು ಹೆಚ್ಚಿಗೆ ಬಿಡಬೇಕು, ಇಲ್ಲದಿದ್ದರೆ ಎಳೆದು ಬಿಗಿಯುವಾಗ ಅಂಚಿಗೆ ಬಟ್ಟೆ ಸಾಲದು. ನಾಲ್ಕೈದು ಇಂಚಿಗೊಂದು ಗಂಟು. ಎಡದೆಳೆ ಬಲಕ್ಕೆ, ಆಮೇಲೆ ಬಲದೆಳೆ ಎಡಕ್ಕೆ; ಎರಡು ಸಲವೂ ಒಂದೇ ಕಡೆ ಸುತ್ತಿದರೆ ಒಗೆತದಲ್ಲಿ ಗಂಟು ಜಾರಿ, ಒಳಗಿನ ಹತ್ತಿ ಉಂಡೆಗಟ್ಟುತ್ತದೆ. ನಾಲ್ವರು ಸುತ್ತ ಕೂತರೆ ಇದು ಒಂದು ಮಧ್ಯಾಹ್ನದ ಕೆಲಸ. ಕೈ ತನ್ನ ಪಾಡಿಗೆ ಗಂಟು ಹಾಕುತ್ತಿದ್ದರೆ ಬಾಯಿಗೆ ಬಿಡುವು. ಕಾದಂಬರಿಕಾರರಿಗೆ ಬೇಕಾದ ಸಂಭಾಷಣೆ ಹುಟ್ಟುವುದೇ ಇಲ್ಲಿ.

ಜಗಳ ಬೇಕಿದ್ದರೆ ಕಾಲಿಂಚು ಸಾಕು. ಸಣ್ಣ ತುಂಡುಗಳನ್ನು ಸೇರಿಸಿ ಬ್ಲಾಕು, ಅಂದರೆ ಕೌದಿಯ ಒಂದೊಂದು ಚೌಕ, ಹೊಲಿಯುವಾಗ ಬಿಡುವ ಹೊಲಿಗೆಯಂಚು ಕಾಲಿಂಚು. ಯಾರದೋ ಮೆಷಿನ್ನು ಹದಿನಾರನೇ ಒಂದಿಂಚು ಹೆಚ್ಚಿಗೆ ತಿಂದಿತೆನ್ನಿ. ಒಂಬತ್ತು ತುಂಡಿನ ಬ್ಲಾಕಿನಲ್ಲಿ ಅಡ್ಡಕ್ಕೆ ಎರಡು ಹೊಲಿಗೆ, ಹೊಲಿಗೆಯ ಎರಡೂ ಬದಿ ಸೇರಿ ಬ್ಲಾಕು ಕಾಲಿಂಚು ಕುಗ್ಗುತ್ತದೆ. ಸಾಲಿಗೆ ಆರು ಬ್ಲಾಕೆಂದರೆ ಒಂದೂವರೆ ಇಂಚು. ಎಂಟು ಮಂದಿಯ ಎಂಟು ಮೆಷಿನ್ನಿನ ಬ್ಲಾಕುಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಅದಕ್ಕೇ ಬಟ್ಟೆಯನ್ನು ಒಬ್ಬರೇ ಕತ್ತರಿಸಿ ಹಂಚುವುದು, ಪ್ರತಿಯೊಬ್ಬರಿಂದಲೂ ಮೊದಲು ಒಂದು ಬ್ಲಾಕು ಹೊಲಿಸಿ ಅಳೆಯುವುದು. ಚಿಕ್ಕದಾದರೆ ಸುತ್ತ ಪಟ್ಟಿ ಕೊಟ್ಟು ಸರಿಪಡಿಸಬಹುದು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಗೆ ಈ ತಾಪತ್ರಯವಿಲ್ಲ. ಅಂಚಿನಿಂದ ಶುರುಮಾಡಿ, ಹಳೇ ಸೀರೆಯ ತುಂಡನ್ನು ಅಲ್ಲಲ್ಲೇ ಮಡಚಿ ಕೂರಿಸುತ್ತ ನಡುವಿನತ್ತ ಹೋಗುತ್ತಾರೆ.

ಕ್ರಿಸ್‌ಮಸ್ಸೆಂದರೆ ಕೆಂಪು ಬಿಳಿ. ಕೆಂಪು ಬಣ್ಣ ಬಿಡುತ್ತದೆ. ಕತ್ತರಿಸುವ ಮೊದಲೇ ಬಿಸಿನೀರಲ್ಲಿ ನೆನೆಸಿದ ತುಂಡನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಬೇಕು. ಮುಗಿದ ಕೌದಿಗೆ ಬಣ್ಣ ಹತ್ತಿದರೆ ಡ್ರೈಯರಿಗೆ ಹಾಕಲೇಬಾರದು, ಶಾಖಕ್ಕೆ ಕಲೆ ಕಾಯಂ ಆಗುತ್ತದೆ. ಇಸ್ತ್ರಿಗೆ ಮಾಯವಾಗುವ ಪೆನ್ನಿನಿಂದ ಗುರುತು ಹಾಕಿದ್ದರೆ ಇನ್ನೊಂದು ಪೇಚು: ಕೊರೆಯುವ ಚಳಿಯಲ್ಲಿ ಆ ಗೆರೆಗಳು ಮತ್ತೆ ಮೂಡುತ್ತವೆ.

ಇನ್ನು ದುಡ್ಡು. ಕೌದಿ ಮಾರಿದರೆ ಬರುವುದು ಒಂದೇ ಬೆಲೆ. ಹೆಸರಿಗಿಷ್ಟೆಂದು ಚಂದಾ ಪಡೆದು, ಹೆಸರುಗಳನ್ನು ಕಸೂತಿ ಮಾಡಿ, ಕೊನೆಗೆ ಹರಾಜು ಹಾಕಿದರೆ ಗಳಿಕೆ ಎರಡು ಸಲ. 1917ರ ಡಿಸೆಂಬರ್ ಸಂಚಿಕೆಯಲ್ಲಿ ‘ಮಾಡರ್ನ್ ಪ್ರಿಸಿಲ್ಲಾ’ ಪತ್ರಿಕೆ ಇದೇ ಉಪಾಯದಿಂದ ರೆಡ್‌ಕ್ರಾಸಿಗೆ ಸಾವಿರ ಡಾಲರ್ ಕೂಡಿಸುವ ಯೋಜನೆ ಪ್ರಕಟಿಸಿತ್ತು. ಯುದ್ಧದ ಕಾಲ, ಅಮೆರಿಕದ ಊರೂರುಗಳಲ್ಲಿ ಅಂಥ ಕೌದಿಗಳು ಹುಟ್ಟಿದವು. ಇಲ್ಲಿನ ಅಪಾಯ ಕಾಗುಣಿತ. ಚಂದಾ ಕೊಟ್ಟವರ ಹೆಸರು ತಪ್ಪಾಗಿ ಕೂತಿದ್ದರೆ ದಾರ ಬಿಚ್ಚಲೇಬೇಕು, ಬಿಳಿ ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿಯುತ್ತವೆ. ಬಟ್ಟೆ ತುಸು ಒದ್ದೆ ಮಾಡಿ ಉಗುರಿನಿಂದ ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಉಜ್ಜಿದರೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಆಮೇಲೆ ಸರಿಯಾದ ಹೆಸರು ಹೊಲಿಯಬಹುದು.