ಪೈ ತಿನ್ನೋಕೂ ಟೇಬಲ್ ಬುಕ್ ಮಾಡ್ಬೇಕಾ?

ನಮಸ್ಕಾರ! ನಮ್ಮ ವೀಕ್ಷಕರೊಬ್ಬರ ಪ್ರಶ್ನೆ: "ಲಂಡನ್‌ನಲ್ಲಿ ಕೂಲಿ ಮಾಡೋರು ಹೊಟ್ಟೆ ತುಂಬಿಸ್ಕೊಳ್ತಿದ್ದ ಪೈಗೆ, ಫೈವ್ ಸ್ಟಾರ್ ಹೋಟೆಲ್‌ನವರು ಅಷ್ಟೊಂದು ದುಡ್ಡು ಯಾಕೆ ಕೀಳ್ತಾರೆ?" ನ್ಯಾಯವಾದ ಪ್ರಶ್ನೆ.

ಪೈ ಅಂದ್ರೇನು, ಬೇಗ ಹೇಳ್ಬಿಡ್ತೀನಿ. ಹಿಟ್ಟಿನ ಹೊದಿಕೆ, ಒಳಗೆ ಮಾಂಸವೋ ತರಕಾರಿಯೋ, ಆಮೇಲೆ ಓವನ್. ಹೊದಿಕೆ ಮೇಲೆ, ಕೆಳಗೆ, ಸುತ್ತಲೂ ಇರ್ಬೇಕು. ಬಟ್ಟಲಿಗೆ ಸಾರು ಸುರಿದು ಮೇಲೊಂದು ಹಿಟ್ಟಿನ ಮುಚ್ಚಳ ಇಟ್ಟು ಕೊಟ್ರೆ ಅಭಿಮಾನಿಗಳು ಕೆರಳ್ತಾರೆ. ಅಂಥದ್ದನ್ನ ಪೈ ಅಂತ ಮಾರೋದನ್ನ ಅಪರಾಧ ಮಾಡಿ ಅಂತ 2014ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಆನ್‌ಲೈನ್ ಅರ್ಜಿಯೇ ಹೋಗಿತ್ತು! ನಾನು ಅಲ್ಲಿದ್ದಿದ್ರೆ ಸಹಿ ಹಾಕ್ತಿದ್ದೆ.

[ದೃಶ್ಯ: ಹೈ ಹೋಬರ್ನ್ ರಸ್ತೆ]

ಇದು ಲಂಡನ್‌ನ ರೋಸ್‌ವುಡ್ ಹೋಟೆಲ್. ಇಲ್ಲಿನ ಹೋಬರ್ನ್ ಡೈನಿಂಗ್ ರೂಮ್‌ನ ಮುಖ್ಯ ಬಾಣಸಿಗರಾಗಿದ್ದ ಕ್ಯಾಲಮ್ ಫ್ರಾಂಕ್ಲಿನ್‌ಗೆ ಒಂದಿನ ನೆಲಮಾಳಿಗೆಯಲ್ಲಿ ಹಳೇ ಪೈ ಅಚ್ಚು ಸಿಕ್ತು. ಅದನ್ನ ಬಳಸೋದು ಹೇಗೆ ಅಂತ ಅವರಿಗೂ ಗೊತ್ತಿಲ್ಲ, ಅಡುಗೆಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಮನುಷ್ಯ ಹಠಕ್ಕೆ ಬಿದ್ದು ಹಳೇ ಅಡುಗೆ ಪುಸ್ತಕ ತಿರುವಿ ಹಾಕಿ ವಿದ್ಯೆ ಕಲಿತ್ರು. 2018ರಲ್ಲಿ ಪೈಗಂತಲೇ ಒಂದು ಪ್ರತ್ಯೇಕ ಅಡುಗೆಮನೆ ಶುರುವಾಯ್ತು, ಹೆಸರು 'ಪೈ ರೂಮ್'. ರಸ್ತೆಯಲ್ಲಿ ಹೋಗೋರು ಕಿಟಕಿ ಗಾಜಿನಾಚೆ ಪೈ ಕಟ್ಟೋದನ್ನ ನಿಂತು ನೋಡ್ಬಹುದಿತ್ತು. ಮಟನ್ ಕರಿ ತುಂಬಿದ ಪೈ ಕೂಡ ಮೆನುವಿನಲ್ಲಿತ್ತು. ನಮ್ಮ ಮಸಾಲೆ ಎಲ್ಲೆಲ್ಲಿ ನುಗ್ಗುತ್ತೆ ನೋಡಿ!

ಸರಿ, ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರ್ತೀನಿ. ಹಂದಿಮಾಂಸದ ಪೈ, ಅಂದ್ರೆ ಪೋರ್ಕ್ ಪೈ. ಇದನ್ನ ಸಾಂಪ್ರದಾಯಿಕವಾಗಿ ಮರದ ಅಚ್ಚಿನ ಸುತ್ತ ಕೈಯಲ್ಲೇ ಎಬ್ಬಿಸ್ತಾರೆ. ಆಮೇಲೆ ಅಚ್ಚು ತೆಗೆದ್ರೂ ಗೋಡೆ ನಿಂತೇ ಇರುತ್ತೆ. ಹೇಗೆ?

ನಮ್ಮಲ್ಲಿ ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸ್ತೀವಲ್ಲ, ಅದೇ ಯುಕ್ತಿ. ನೀರಿನ ಜೊತೆ ಹಂದಿ ಕೊಬ್ಬು ಕುದಿಸಿ, ಸುಡುಸುಡು ಇರುವಾಗಲೇ ಗೋಧಿ ಹಿಟ್ಟಿಗೆ ಸುರಿತಾರೆ. ಹಿಟ್ಟಿನ ಪಿಷ್ಟ ಬಿಸಿಗೆ ಉಬ್ಬಿ ಅಂಟಾಗುತ್ತೆ. ಇತ್ತ ಕೊಬ್ಬು ಗೋಧಿಯ ರಬ್ಬರ್‌ನಂಥ ಜಿಗುಟನ್ನ (ಗ್ಲುಟನ್) ತಡೆಯುತ್ತೆ, ಅದಕ್ಕೇ ಎಳೆದ ಹಿಟ್ಟು ವಾಪಸ್ ಕುಗ್ಗಲ್ಲ. ಬೆಚ್ಚಗಿರುವಾಗ ಹೇಳಿದ ಮಾತು ಕೇಳುತ್ತೆ, ಆರಿದ ಮೇಲೆ ಬಿರುಕು ಬಿಡುತ್ತೆ. ಹಾಗಾಗಿ ಕೈ ಚುರುಕಾಗಿರ್ಬೇಕು.

ಇಷ್ಟಕ್ಕೇ ಮುಗಿಯಲ್ಲ. ಬೆಂದಾಗ ಒಳಗಿನ ಮಾಂಸ ಕುಗ್ಗಿ, ಹೊದಿಕೆಗೂ ಅದಕ್ಕೂ ನಡುವೆ ಸಂದು ಬೀಳುತ್ತೆ. ಮುಚ್ಚಳದಲ್ಲಿ ಹಬೆ ಹೋಗೋಕೆ ಬಿಟ್ಟ ತೂತಿದೆಯಲ್ಲ, ಅದರಲ್ಲೇ ಹಂದಿ ಕಾಲಿನ ಸೂಪು ಹುಯ್ತಾರೆ. ಆರಿದ್ಮೇಲೆ ಅದು ಜೆಲ್ಲಿಯಾಗಿ ಸಂದು ತುಂಬುತ್ತೆ, ಗಾಳಿ ಒಳಗೆ ಹೋಗಲ್ಲ. ಫ್ರಿಜ್ ಇಲ್ಲದ ಕಾಲದ ತಲೆ ಇದು! ಕುಯ್ದಾಗ ಕಂದು ಹೊದಿಕೆ, ಅದರ ಪಕ್ಕ ಹೊಳೆಯೋ ಜೆಲ್ಲಿಯ ಸಣ್ಣ ಗೆರೆ, ಆಮೇಲೆ ಮಾಂಸ. ಆ ಗೆರೆ ಎಲ್ಲಾ ಕಡೆ ಇದ್ರೆ ಮಾಡಿದವರು ಗಟ್ಟಿಗರು.

ಅಂದ್ರೆ ಬಿಲ್‌ನಲ್ಲಿ ನೀವು ಕೊಡೋ ದುಡ್ಡಲ್ಲಿ ದೊಡ್ಡ ಪಾಲು ಈ ಕೈಕೆಲಸದ್ದು. ಉಳಿದಿದ್ದು ಹೋಟೆಲ್‌ನ ಹಿತ್ತಾಳೆ, ಅಮೃತಶಿಲೆಗೆ. ಅದರ ಬಗ್ಗೆ ನನ್ನ ತಕರಾರು ಇದ್ದೇ ಇದೆ.

ಅಯ್ಯೋ, ಟೈಮ್ ಆಯ್ತು. ಉಳಿದಿದ್ದು ಓಡಿಸ್ತೀನಿ. ಹಳೇ ಠೀವಿ ಬೇಕಾ? ಕೋವೆಂಟ್ ಗಾರ್ಡನ್‌ನ 'ರೂಲ್ಸ್' ರೆಸ್ಟೋರೆಂಟ್‌ಗೆ ಹೋಗಿ, ಅದು 1798ರಿಂದ ಇದೆ. ಪೋರ್ಕ್ ಪೈಗೆ ಹೆಸರಾದ ಊರು ಮೆಲ್ಟನ್ ಮೋಬ್ರೆ. ಅಲ್ಲಿನ ಪೈಗೆ 2009ರಲ್ಲಿ ಭೌಗೋಳಿಕ ಸೂಚನೆಯ (ಜಿಐ ಟ್ಯಾಗ್) ರಕ್ಷಣೆ ಸಿಕ್ಕಿದೆ. ಅಗ್ಗವಾಗಿ ತಿನ್ಬೇಕಂದ್ರೆ ಟವರ್ ಬ್ರಿಡ್ಜ್ ರಸ್ತೆಯ 'ಎಂ. ಮ್ಯಾಂಜಿ'. ಪೈ, ಆಲೂಗಡ್ಡೆ, ಮೇಲೆ ಪಾರ್ಸ್ಲಿ ಸೊಪ್ಪಿನ ಹಸಿರು ಸಾಸ್, ಅಷ್ಟೇ.

ಸಸ್ಯಾಹಾರಿಗಳಿಗೆ ಒಂದು ಮಾತು: ಒಳಗೆ ಬರೀ ಆಲೂಗಡ್ಡೆ, ಈರುಳ್ಳಿ ಇದ್ರೂ ಹೊದಿಕೆಗೆ ಯಾವ ಕೊಬ್ಬು ಹಾಕಿದ್ದಾರೆ ಅಂತ ಆರ್ಡರ್ ಮಾಡೋಕೆ ಮುಂಚೆ ಕೇಳಿ. ಬೆಣ್ಣೆ ಅಂದ್ರೆ ಕೊಬ್ಬಿನ ಚಿಂತೆ ಬಿಡಿ.