ಸಂತೆಗೆ ಎಂಥ ಟಗರು, ಅಡವಿಗೆ ಎಂಥ ಕುರಿ?

ಕುರಿ ಸಾಕುವ ಅಣ್ಣಂದಿರೆ, ಅಕ್ಕಂದಿರೆ, ನಮಸ್ಕಾರ.

ಹಾವೇರಿ, ಗದಗ, ಹುಬ್ಬಳ್ಳಿ, ಯಾವ ಸಂತೆಗೆ ಹೋದರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ‘ಯಾವ ತಳಿ ಸಾಕಿದರೆ ರೊಕ್ಕ ಜಾಸ್ತಿ ಬರುತ್ತದ್ರಿ?’ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಕುರಿ ಮೇಯುವುದು ಎಲ್ಲಿ? ನಿಮ್ಮ ಮರಿ ಕೊಳ್ಳುವವರು ಯಾರು? ಮೊದಲನೆಯ ಉತ್ತರ ನೋಡಿ ತಾಯಿ ಕುರಿ ಆರಿಸಬೇಕು. ಎರಡನೆಯದನ್ನು ನೋಡಿ ಬೀಜದ ಟಗರು, ಅಂದರೆ ಮರಿ ಹುಟ್ಟಿಸಲು ಬಿಡುವ ಟಗರು, ಆರಿಸಬೇಕು. ಎರಡನ್ನೂ ಒಂದೇ ಕಣ್ಣಿನಿಂದ ನೋಡಿ ನಾನೇ ಕೆಟ್ಟಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬನ್ನೂರು ಕುರಿಯ ಹೆಸರು ಕೇಳಿ, ಮಂಡ್ಯದ ಕಡೆಯಿಂದ ಕುರಿ, ಟಗರು ಎರಡನ್ನೂ ತಂದೆ. ಮೈಯಂತೂ ನೋಡುವ ಹಾಗಿತ್ತು. ಗಿಡ್ಡ ಕಾಲು, ಅಗಲ ಬೆನ್ನು. ಹಿಂದಿನಿಂದ ನೋಡಿದರೆ ಲಾಳ ಬೋರಲು ಹಾಕಿದಂತೆ. ಮಳೆಗಾಲ ಬಂತು. ನಮ್ಮದು ಎರೆ ಹೊಲ, ಕಪ್ಪು ಮಣ್ಣು. ಕೆಸರು ಗೊರಸಿಗೆ ಮೆತ್ತಿಕೊಂಡಿತು, ಬೆರಳ ಸಂದಿ ಕೊಳೆಯಿತು, ಕುಂಟುತ್ತ ಹಿಂದೆ ಉಳಿದವು. ಊರ ದಕ್ಕನಿ ತಳಿಯ ಕುರಿಗಳು ಅದೇ ಕೆಸರಿನಲ್ಲಿ ಸುಮ್ನೆ ಮುಂದೆ ಮುಂದೆ ಹೋಗುತ್ತಿದ್ದವು. ತಪ್ಪು ಆ ತಳಿಯದಲ್ಲ, ಅದನ್ನು ಎರೆಗೆ ಇಳಿಸಿದ ನನ್ನದು.

ಬಿಸಿಲಿಗೆ, ದೂರದ ನಡಿಗೆಗೆ, ಬರೀ ಕೂಳೆ ಮೇದು ಬದುಕುವುದಕ್ಕೆ ದಕ್ಕನಿ ಹೇಳಿ ಮಾಡಿಸಿದ್ದು. ಊರಿಂದೂರಿಗೆ ಹೋಗಿ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬುವವರು ಈ ತಾಯಿಯನ್ನು ಬಿಡಲೇಬಾರದು. ರಾಣೆಬೆನ್ನೂರು ಹತ್ತಿರದ ಮೇಡ್ಲೇರಿಯ ಕಂಬಳಿಗೆ ಹೆಸರು ಬಂದದ್ದೂ ನಮ್ಮ ಉಣ್ಣೆಯ ಕುರಿಗಳಿಂದಲೇ. ಈಗ ಉಣ್ಣೆಗೆ ಬೆಲೆ ಇಲ್ಲ, ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ನನಗೆ ಅದು ಬೇಸರದ ಮಾತು. ರೊಕ್ಕ ಬರುವುದು ಈಗ ಮಾಂಸದಿಂದ. ಹಾಗಾಗಿ ಟಗರನ್ನು ಬದಲಿಸೋಣ, ತಾಯಿಯನ್ನಲ್ಲ.

ನಮ್ಮ ಕಡೆ ಮೊದಲು ನೋಡಬೇಕಾದ್ದು ಕೆಂಗುರಿ. ಕೆಂಪು ಮೈ, ಎತ್ತರದ ಆಳು, ಚೆನ್ನಾಗಿ ನಡೆಯುತ್ತದೆ. ರಾಯಚೂರು, ಕೊಪ್ಪಳ, ಬಾಗಲಕೋಟೆ ಕಡೆಯ ತಳಿ, ಅಮೀನಗಡದ ಸಂತೆಯಲ್ಲಿ ಸಿಗುತ್ತದೆ. ದಕ್ಕನಿ ತಾಯಿಗೆ ಕೆಂಗುರಿ ಟಗರು ಬಿಟ್ಟರೆ ಮರಿ ಬೇಗ ಮೈ ತುಂಬುತ್ತದೆ, ನಡಿಗೆಯೂ ಕೆಡುವುದಿಲ್ಲ. ಮುಂಡರಗಿ, ಶಿರಹಟ್ಟಿಯ ಮಸಾರಿ (ಕೆಂಪು ಮಣ್ಣಿನ) ನೆಲದವರು, ಕಟ್ಟಿ ಮೇಯಿಸುವವರು ಬನ್ನೂರು ಟಗರನ್ನೂ ನೋಡಬಹುದು. ಆದರೆ ಒಂದು ಮಾತು. ಬನ್ನೂರು ತಳಿಗೆ ಕೊಂಬಿಲ್ಲ. ಅದರ ಅಡ್ಡತಳಿ ಮರಿಯನ್ನು, ಅಂದರೆ ಬೇರೆ ತಳಿಯ ತಾಯಿಗೆ ಅದರಿಂದ ಹುಟ್ಟಿದ ಮರಿಯನ್ನು, ಬಕ್ರೀದ್ ಸಂತೆಗೆ ಹೊಡೆದುಕೊಂಡು ಹೋದರೆ ವ್ಯಾಪಾರಿ ಬೆನ್ನು ಮುಟ್ಟಿ, ತಲೆ ಮುಟ್ಟಿ, ‘ಮೈ ಐತ್ರಿ ಯಜಮಾನ್ರ, ಕೊಂಬಿಲ್ಲಲ್ರಿ’ ಅನ್ನುತ್ತಾನೆ. ಅಲ್ಲಿಗೆ ಬೆಲೆ ಇಳಿಯಿತು. ಅದೇ ಮರಿಯನ್ನು ಮಟನ್ ಅಂಗಡಿಯವನು ಕೊಂಡರೆ ಕೊಂಬು ಕೇಳುವುದೇ ಇಲ್ಲ. ಅವನು ಬಾಲದ ಬುಡ, ಸೊಂಟ ಒತ್ತಿ ನೋಡುತ್ತಾನೆ, ಅಷ್ಟೇ.

ಬಕ್ರೀದ್ ಲೆಕ್ಕ ಬೇರೆಯೇ ಇದೆ. ಅಲ್ಲಿ ಹೆಚ್ಚಾಗಿ ವರ್ಷ ತುಂಬಿದ ಟಗರನ್ನೇ ಕೇಳುತ್ತಾರೆ. ಕೊಂಬು ಮುರಿದಿರಬಾರದು, ಕಿವಿ ಹರಿದಿರಬಾರದು, ಕುಂಟಬಾರದು. ಹಬ್ಬವೂ ವರ್ಷಕ್ಕೆ 10–11 ದಿನ ಹಿಂದಕ್ಕೆ ಬರುತ್ತದೆ. 2024ರಲ್ಲಿ ಜೂನ್ 17ಕ್ಕೆ ಇತ್ತು, 2025ರಲ್ಲಿ ಜೂನ್ 7ಕ್ಕೆ. ಮೂರು ವರ್ಷಕ್ಕೆ ಒಂದು ತಿಂಗಳು ಸರಿದ ಹಾಗೆ. ಗಬ್ಬದ ಕಾಲ ಸುಮಾರು 150 ದಿನ, ಮೇಲೆ ಒಂದು ವರ್ಷ. ಅಂದರೆ ಹಬ್ಬಕ್ಕೆ 17 ತಿಂಗಳು ಮೊದಲೇ ಟಗರು ಬಿಟ್ಟಿರಬೇಕು. ‘ಅಪ್ಪ ಬಿಡುತ್ತಿದ್ದ ತಿಂಗಳು’ ಅಂತ ಕೂತರೆ, ಹಬ್ಬದ ದಿನ ನಿಮ್ಮ ಮರಿಗೆ ಹತ್ತೇ ತಿಂಗಳು ತುಂಬಿರುತ್ತದೆ.

ಅವಳಿ ಹಾಕುವ ನಾರಿ ಸುವರ್ಣ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ಬೆಳೆಸಿದ ತಳಿ ಅದು. ಸುಂದರಬನದ ಸಣ್ಣ ಗ್ಯಾರೋಲ್ ಕುರಿಯಿಂದ ಅವಳಿಯ ಗುಣ ಬಂದಿದೆ. ಮನೆಯಲ್ಲಿ ಗೋವಿನಜೋಳ, ಶೇಂಗಾ ಹೊಟ್ಟು ಇದ್ದು ದೊಡ್ಡಿಯಲ್ಲೇ ಕಟ್ಟಿ ಸಾಕುವವರಿಗೆ ಒಳ್ಳೆಯದು. ಅಡವಿ ತಿರುಗುವವರಿಗೆ ಬೇಡ ಅನ್ನುತ್ತೇನೆ. ಮೇವು ಕಡಿಮೆಯಾದರೆ ತಾಯಿಗೆ ಎರಡು ಮರಿಗಾಗುವಷ್ಟು ಹಾಲು ಇರುವುದಿಲ್ಲ. ಎರಡೂ ಬಡಕಲಾಗುತ್ತವೆ.

ಸಂತೆಗೆ ಹೋಗುವ ಮುಂಚೆ ಮನೆಯಲ್ಲೇ ತೂಗಿರಿ. ಒಂದು ಕೊಕ್ಕೆ ತಕ್ಕಡಿ ಸಾಕು. ಜೀವಂತ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾಂಸ ಸಿಗುತ್ತದೆ. 25 ಕಿಲೋ ಟಗರಿಗೆ 12 ಕಿಲೋ ಅಂತಿಟ್ಟುಕೊಳ್ಳಿ. ಆ ವಾರದ ಮಟನ್ ದರದಿಂದ ಗುಣಿಸಿದರೆ ವ್ಯಾಪಾರಿಯ ತಲೆಯೊಳಗಿನ ಲೆಕ್ಕ ನಿಮಗೂ ಗೊತ್ತಾಗುತ್ತದೆ. ಟವೆಲ್ ಕೆಳಗೆ ದಲಾಲಿ ಬೆಲೆ ಹೇಳಲು ಎಷ್ಟು ಬೆರಳು ಹಿಡಿದರೂ ಗಾಬರಿಯಾಗುವುದಿಲ್ಲ.

ಇನ್ನು ನನ್ನನ್ನು ಬಹಳ ಕಾಡುವ ಸಂಗತಿ. ನಾವು ಮಂದೆಯ ಒಳ್ಳೆಯ ಟಗರು ಮರಿಯನ್ನೇ ಮೊದಲು ಮಾರುತ್ತೇವೆ. ರೊಕ್ಕದ ಅಡಚಣೆ, ಅದಕ್ಕೇ ಬೆಲೆ ಜಾಸ್ತಿ, ಹೋಗಲಿ ಬಿಡು ಅಂತ. ಸಂತೆಯಲ್ಲಿ ಯಾರೂ ಮುಟ್ಟದ ಮರಿ ಮನೆಗೆ ವಾಪಸ್ ಬಂದು ಮುಂದಿನ ವರ್ಷದ ಬೀಜದ ಟಗರಾಗುತ್ತದೆ. ಹತ್ತು ವರ್ಷ ಹೀಗೇ ನಡೆದರೆ ಮಂದೆ ಕುಗ್ಗದೆ ಇರುತ್ತದೆಯೇ? ಅಡ್ಡತಳಿ ಮರಿ ಎಷ್ಟೇ ಚೆಂದ ಇರಲಿ, ಅದು ಸಂತೆಗೆ. ಅದನ್ನು ಬೀಜಕ್ಕೆ ಬಿಟ್ಟರೆ ಮುಂದಿನ ಮರಿಗಳು ಒಂದೊಂದು ಒಂದೊಂದು ಥರ ಆಗುತ್ತವೆ. ಬೀಜಕ್ಕೆ ಶುದ್ಧ ತಳಿಯ ಟಗರೇ ಬೇಕು. 25–30 ಕುರಿಗೆ ಒಂದು ಸಾಕು. ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಮಂದೆಯವರ ಜೊತೆ ಅದಲುಬದಲು ಮಾಡಿಕೊಳ್ಳಿ, ಇಲ್ಲದಿದ್ದರೆ ತನ್ನ ಮಗಳ ಮೇಲೆ ತಾನೇ ಹಾರುತ್ತದೆ.

ತಾಯಿ ಕುರಿಯ ತಳಿ ಉಳಿಯಲಿ ಅಂತ, ಈ ಸಲ ಈದ ಶುದ್ಧ ದಕ್ಕನಿ ಮರಿಗಳನ್ನು ಮೂರು ತಿಂಗಳಿಗೆ ತೂಗಿ ನೋಡಿ. ಎಲ್ಲಕ್ಕಿಂತ ಹೆಚ್ಚು ತೂಗಿದ, ನೇರ ಕಾಲಿನ ಎರಡು ಟಗರು ಮರಿಗಳ ಕೊರಳಿಗೆ ಕೆಂಪು ದಾರ ಕಟ್ಟಿ. ವ್ಯಾಪಾರಿ ಮನೆ ಬಾಗಿಲಿಗೇ ಬಂದು ಕೇಳಿದರೂ ಆ ಎರಡನ್ನು ಮಾತ್ರ ಬಿಚ್ಚಿ ಕೊಡಬೇಡಿ. ನಮಸ್ಕಾರ.