ದುಬೈನ ಹೂತೋಟಕ್ಕೆ ನೀರು ಎಲ್ಲಿಂದ ಬರುತ್ತೆ?

[ದೃಶ್ಯ: ಪೆಟೂನಿಯಾ ಗಿಡಗಳ ಬುಡದಲ್ಲಿ ಸಣ್ಣ ಕಪ್ಪು ಪೈಪು, ಅದರಿಂದ ಬೀಳ್ತಿರೋ ಹನಿ]

ಈ ಪೈಪು ನೋಡಿ. ದುಬೈ ಮಿರಾಕಲ್ ಗಾರ್ಡನ್‌ಗೆ ಬಂದವರೆಲ್ಲ ಹೂವಿನ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ, ಇದನ್ನ ಯಾರೂ ಕಣ್ಣೆತ್ತಿ ನೋಡಲ್ಲ. ನನಗೆ ಕೇಳಿದ್ರೆ ನಿಜವಾದ ಮಿರಾಕಲ್ ಇದೇ.

[ದೃಶ್ಯ: ಮೇಲಿನಿಂದ ಇಡೀ ತೋಟ, ಆಚೆಗೆ ಮರಳು]

2013ರ ಫೆಬ್ರವರಿ 14ಕ್ಕೆ ಶುರುವಾದ ತೋಟ ಇದು. 72,000 ಚದರ ಮೀಟರ್, ಅಂದ್ರೆ ಹೆಚ್ಚುಕಡಿಮೆ 18 ಎಕರೆ. ಹೂಗಳು 5 ಕೋಟಿಗೂ ಮೇಲೆ ಅಂತಾರೆ. ಎಣಿಸಿದವರು ಯಾರೋ!

ಈ ಊರಲ್ಲಿ ವರ್ಷಕ್ಕೆ ಬೀಳೋ ಮಳೆಯನ್ನ ಮಂಗಳೂರು ಜುಲೈ ತಿಂಗಳಲ್ಲಿ ಒಂದೇ ದಿನ ಸುರಿಸಿಬಿಡೋದುಂಟು. ಮನೆ ನಲ್ಲಿಗಳಲ್ಲಿ ಬರೋದು ಉಪ್ಪು ತೆಗೆದ ಸಮುದ್ರದ ನೀರು. ಅಷ್ಟು ದುಬಾರಿ ನೀರನ್ನ ಹೂವಿಗೆ ಸುರಿಯೋಕಾಗುತ್ತಾ? ಅದಕ್ಕೇ ಊರಿನವರು ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರು ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿಂದ ಈ ಪೈಪಿಗೆ ಬರುತ್ತೆ. ದಿನಕ್ಕೆ ಸುಮಾರು ಏಳೂವರೆ ಲಕ್ಷ ಲೀಟರ್. ನಮ್ಮ ಮನೆಗಳಲ್ಲಿ ಅಕ್ಕಿ ತೊಳೆದ ನೀರನ್ನ ಗುಲಾಬಿ ಬುಡಕ್ಕೆ ಹಾಕ್ತೀವಲ್ಲ, ಅದೇ ಬುದ್ಧಿ, ಇಡೀ ಊರಿನ ಅಳತೆಯಲ್ಲಿ! ದುಬೈಯಲ್ಲಿ ಕರಾವಳಿಯವರಿಗೇನೂ ಕಮ್ಮಿ ಇಲ್ಲ, ಹಾಗಾಗಿ ಕುಚ್ಚಲಕ್ಕಿ ತೊಳೆದ ನೀರೂ ಇದರಲ್ಲಿ ಸೇರಿರುತ್ತೆ ಬಿಡಿ.

ಹನಿ ನೀರಾವರಿನೇ ಯಾಕೆ? ಸ್ಪ್ರಿಂಕ್ಲರ್ ಹಾಕಿದ್ರೆ ಒಂದಿಷ್ಟು ನೀರು ಮಣ್ಣು ಮುಟ್ಟೋ ಮೊದಲೇ ಗಾಳಿ ಪಾಲು. ದಳಗಳ ಮೇಲೆ ನೀರು ನಿಂತ್ರೆ ಹೂವೂ ಕೊಳೆಯುತ್ತೆ.

[ದೃಶ್ಯ: ಹೂವಿನ ವಿಮಾನ, ನಿಧಾನಕ್ಕೆ ಹತ್ತಿರದಿಂದ]

ಎಮಿರೇಟ್ಸ್ ಎ380 ವಿಮಾನ. ಕಬ್ಬಿಣದ ಚೌಕಟ್ಟಿನ ಮೇಲೆ 5 ಲಕ್ಷಕ್ಕೂ ಹೆಚ್ಚು ಹೂ, ಗಿಡ. 2016ರಲ್ಲಿ ಗಿನ್ನೆಸ್ ದಾಖಲೆ. ಲಾಲ್‌ಬಾಗಿನ ಗಾಜಿನ ಮನೆಯಲ್ಲೂ ಫ್ಲವರ್ ಶೋ ಹೊತ್ತಿಗೆ ಹೂವಿನ ಕಟ್ಟಡ ನೋಡಿರ್ತೀರಿ. ಅಲ್ಲಿ ಕಿತ್ತ ಹೂ ಚುಚ್ಚಿರ್ತಾರೆ, ಕೆಲವೇ ದಿನಗಳಲ್ಲಿ ಬಾಡುತ್ತೆ. ಇಲ್ಲಿ ಬೇರು ಬಿಟ್ಟ ಗಿಡಗಳೇ ಹತ್ತಿ ಕೂತಿವೆ, ತಿಂಗಳುಗಟ್ಟಲೆ ಇರಬೇಕಲ್ಲ. ರೆಕ್ಕೆ ತುದಿಯ ಗಿಡಕ್ಕೂ ನೀರು ಮುಟ್ಟಿಸಬೇಕು ಅಂತ ಯೋಚಿಸಿ ನೋಡಿ, ಆಗ ಗೊತ್ತಾಗುತ್ತೆ ಕಷ್ಟ.

18 ಮೀಟರಿನ ಮಿಕ್ಕಿ ಮೌಸ್ ಕೂಡ 2018ರಲ್ಲಿ ದಾಖಲೆ ಮಾಡ್ತು. ಮಕ್ಕಳಿಗೆ ಇಷ್ಟ. ನನಗಂತೂ ಅಷ್ಟಕ್ಕಷ್ಟೇ. ಆ ಸಾಲು ಸಾಲು ಹೃದಯದ ಕಮಾನುಗಳೂ ಸ್ವಲ್ಪ ಅತಿಯಾಯ್ತು ಅನ್ಸುತ್ತೆ.

ಹೂಗಳಲ್ಲಿ ಮುಕ್ಕಾಲು ಕಣ್ಣಿಗೆ ಬೀಳೋದು ಪೆಟೂನಿಯಾ, ಬೆಂಗಳೂರಿನ ಬಾಲ್ಕನಿಗಳಲ್ಲಿ ತೂಗುಕುಂಡದಲ್ಲಿ ಇರುತ್ತಲ್ಲ, ಅದೇ. ಬೇಗ ಬೆಳೆಯುತ್ತೆ, ಎಲೆ ಮುಚ್ಚೋ ಹಾಗೆ ಹೂ ಬಿಡುತ್ತೆ, ದುಬೈನ ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಘಮ ಮಾತ್ರ ಕೇಳಬೇಡಿ. ಇಷ್ಟು ಹೂವಿನ ನಡುವೆ ನಿಂತು ಒಂದು ಮೊಳ ಶಂಕರಪುರ ಮಲ್ಲಿಗೆ ನೆನಪಾಯ್ತು ನನಗೆ.

[ದೃಶ್ಯ: ಮುಚ್ಚಿದ ಗೇಟು]

ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ಯಾವ ಪೈಪೂ ಈ ಗಿಡಗಳನ್ನ ಉಳಿಸಲ್ಲ. ತೋಟ ಮುಚ್ತಾರೆ. ಮತ್ತೆ ತೆರೆಯೋದು ಅಕ್ಟೋಬರ್ ಹೊತ್ತಿಗೆ, ಹೊಸ ಗಿಡ, ಹೊಸ ವಿನ್ಯಾಸದ ಜೊತೆ. ನವೆಂಬರಿಂದ ಮಾರ್ಚ್ ಒಳಗೆ ಹೋಗಿ, ಮಧ್ಯಾಹ್ನ ಮೂರೂವರೆ ನಂತರ. ಮಾಲ್ ಆಫ್ ದಿ ಎಮಿರೇಟ್ಸ್ ಮೆಟ್ರೋದಲ್ಲಿ ಇಳಿದ್ರೆ ಅಲ್ಲಿಂದ ಬಸ್ಸಿದೆ. ಜುಲೈಯಲ್ಲೇ ಟಿಕೆಟ್ ಬುಕ್ ಆಗಿದೆ ಅನ್ನೋರು ಪಕ್ಕದ ಬಟರ್‌ಫ್ಲೈ ಗಾರ್ಡನ್‌ಗೆ ಹೋಗಬಹುದು. ಅದು ಎಸಿ ಒಳಗೆ ಇರೋದ್ರಿಂದ ವರ್ಷವಿಡೀ ತೆರೆದಿರುತ್ತೆ.